ದೀಪದ ಇಳಿಜಾರಿನಲ್ಲಿ ಕೇಳಿಸಿದ ಒಂದು ಮಾತು

ನಾನು ಶಾಲೆ ಬಿಟ್ಟದ್ದು 1967ರಲ್ಲಿ, ಏಳನೇ ಕ್ಲಾಸು ಮುಗಿದ ಮೇಲೆ. ಫೇಲಾಗಿ ಬಿಟ್ಟದ್ದಲ್ಲ, ಪಾಸಾಗಿ ಬಿಟ್ಟದ್ದು. ಇದನ್ನು ಮೊದಲೇ ಬರೆದಿಡುತ್ತೇನೆ, ಯಾಕೆಂದರೆ ಕೇಳುವವರು ಯಾವಾಗಲೂ “ಫೇಲಾದ್ದಾ?” ಎಂದೇ ಕೇಳುವುದು. ಮರುವಾರ ಉಡುಪಿಯಲ್ಲಿ ಒಂದು ಬಸ್ಸಿನ ಗ್ಯಾರೇಜಿಗೆ ಸೇರಿದೆ. ಹದಿನೆಂಟು ತುಂಬುವಾಗ ಡೀಸೆಲ್ ಪಂಪು ಬಿಚ್ಚಿ ಜೋಡಿಸುತ್ತಿದ್ದೆ. ಇಂಜಿನ್ನಿನ ಶಬ್ದ ಕೇಳಿಯೇ ರೋಗ ಹೇಳುತ್ತೇನೆ. ಇದು ಜಂಬ ಅಲ್ಲ, ಬೇಕಾದವರು ಗಾಡಿ ತಂದು ಪರೀಕ್ಷೆ ಮಾಡಬಹುದು.

ಊರಿನವರು ನನ್ನ ಹತ್ತಿರ ಕೇಳುವುದು ಕುವೈತಿನ ಯುದ್ಧದ ಸುದ್ದಿ. ಅದನ್ನು ಹೇಳಲಿಕ್ಕೆ ಬೇಕಾದಷ್ಟು ಜನ ಇದ್ದಾರೆ, ಕೆಲವರು ಕಾಣದ್ದನ್ನೂ ಹೇಳುತ್ತಾರೆ. ನಾನು ಬರೆಯುವುದು ಯುದ್ಧಕ್ಕೆ ಏಳು ತಿಂಗಳು ಮೊದಲು, 1990ರ ಜನವರಿಯಲ್ಲಿ, ಕುವೈತಿನಿಂದ ಹಿಮದ ಬೆಟ್ಟಕ್ಕೆ ಹೋಗಿ ಬಂದ ಸಂಗತಿ. ನಮ್ಮ ಪಡುಬಿದ್ರಿಯವರಲ್ಲಿ ಕತ್ತಲಾದ ಮೇಲೆ ಹಿಮದಲ್ಲಿ ಸ್ಕೀ ಮಾಡಿದವರು ನನಗಿಂತ ಮೊದಲು ಯಾರೂ ಇರಲಿಕ್ಕಿಲ್ಲ. ಮಾಡಿದ್ದು ಹೇಗೆ ಎಂದು ಗೊತ್ತಾದರೆ ಯಾರಿಗೂ ಹೊಟ್ಟೆಕಿಚ್ಚು ಆಗಲಿಕ್ಕಿಲ್ಲ.

ಸಲ್ವಾ

ಕುವೈತ್ ಪಟ್ಟಣದ ಸಲ್ವಾ ಎಂಬಲ್ಲಿ ನಾನು ಕೆಲಸಕ್ಕಿದ್ದ ಮನೆಯಲ್ಲಿ ನನಗದು ಒಂಬತ್ತನೇ ವರ್ಷ. ಯಜಮಾನರು ಅಬು ನಾಸರ್. ನನಗಿಂತ ನಾಲ್ಕೇ ವರ್ಷಕ್ಕೆ ದೊಡ್ಡವರು, ಆದರೂ ಕರೆಯಬೇಕಾದದ್ದು ಬಾಬಾ, ಅಂದರೆ ಅಪ್ಪ, ಎಂದು. ನನ್ನ ಹೆಸರು ಪದ್ಮನಾಭ. ಅರಬಿಯಲ್ಲಿ ‘ಪ’ ಇಲ್ಲ. ಹಾಗಾಗಿ ಆ ಮನೆಯಲ್ಲಿ ನಾನು ಬದ್ಮಾ. ಒಂಬತ್ತು ವರ್ಷ ಬದ್ಮಾ ಎಂದರೆ ತಿರುಗಿ ನೋಡಿದ್ದೇನೆ.

ನಾನು ಬಂದದ್ದು ಮನೆ ಡ್ರೈವರ್ ವೀಸಾದಲ್ಲಿ. ಆಗ ಸಿಕ್ಕಿದ್ದು ಅದೇ. ಮನೆಯ ಮೂರು ಕಾರು ನನ್ನ ಕೈಯಲ್ಲಿದ್ದವು, ಒಂದು ದಿನವೂ ಒಂದು ಕಾರೂ ದಾರಿಯಲ್ಲಿ ನಿಲ್ಲಲಿಲ್ಲ. ಆಮೇಲಾಮೇಲೆ ಅವರ ತಮ್ಮಂದಿರ ಕಾರು, ನೆರೆಯವರ ಕಾರು, ಎಲ್ಲವೂ ನಮ್ಮ ಗೇಟಿನ ಹತ್ತಿರ ಬಂದು ಬಾನೆಟ್ಟು ತೆರೆದು ನಿಲ್ಲುತ್ತಿದ್ದವು. ಕೆಲಸ ಮೆಕ್ಯಾನಿಕ್ಕಿನದು. ಅಲ್ಲಿ ಇರಲಿಕ್ಕೆ ಸರಕಾರ ಕೊಡುವ ಇಕಾಮಾದಲ್ಲಿ ಮಾತ್ರ ಡ್ರೈವರ್, ಮನೆಯಾಳು.

ಅಲ್ಲೇ ಗ್ಯಾರೇಜುಗಳ ಕೇರಿಯಾದ ಶುವೈಖಿನಲ್ಲಿ ಒಂದು ಗ್ಯಾರೇಜಿನ ಫೋರ್‌ಮನ್ ಲಿಗೋರಿ, ಕಿನ್ನಿಗೋಳಿಯವರು. ಶುಕ್ರವಾರ ಬಿಡುವು ಸಿಕ್ಕಿದರೆ ನಾನು ಹೋಗುವುದು ಅಲ್ಲಿಗೆ. ನಮ್ಮೊಳಗೆ ತುಳು. ಕೊಂಕಣಿ ಕ್ರಿಶ್ಚನರನ್ನು ನಮ್ಮ ಕಡೆ ಪೊರ್ಬುಗಳು ಎನ್ನುವುದು ವಾಡಿಕೆ, ನಾನೂ ಅವರನ್ನು ಹಾಗೆಯೇ ಕರೆಯುವುದು. ಒಂದು ಶುಕ್ರವಾರ ಅಲ್ಲಿ ಯಾರಿಗೂ ಬಗ್ಗದ ಒಂದು ಲಾರಿಯ ಗೇರ್‌ಬಾಕ್ಸನ್ನು ನಾನು ಕೆಳಗಿಳಿಸಿ, ಸರಿಮಾಡಿ, ಸಂಜೆಯೊಳಗೆ ಮೇಲೇರಿಸಿ ಕೊಟ್ಟೆ. ಗ್ಯಾರೇಜಿನ ಯಜಮಾನ ನಿಂತು ನೋಡಿದ. ಲಿಗೋರಿಗೆ ಹೇಳಿದ: “ಈ ಮನುಷ್ಯ ನನಗೆ ಬೇಕು. ತನಾಜುಲ್ ತರಲಿ.”

ತನಾಜುಲ್ ಎಂದರೆ ಬಿಡುಗಡೆಯ ಕಾಗದ. ಅಲ್ಲಿ ಪ್ರತಿಯೊಬ್ಬ ಪರದೇಶಿಗೂ ಒಬ್ಬ ಕಫೀಲ್ ಇರುತ್ತಾನೆ, ಅವನ ಹೆಸರಿನ ಮೇಲೆ ನಾವು ಬದುಕುವುದು. ‘ಇವನನ್ನು ನಾನು ಬಿಟ್ಟುಕೊಟ್ಟಿದ್ದೇನೆ’ ಎಂದು ಅವನು ಸಹಿ ಹಾಕದೆ ಬೇರೆಯವರ ಕೆಲಸಕ್ಕೆ ಹೋಗುವ ಹಾಗಿಲ್ಲ. ಆ ಕಾಗದ ಸಿಕ್ಕಿದರೆ ಇಕಾಮಾದಲ್ಲಿ ಮೆಕ್ಯಾನಿಕ್ ಎಂದು ಬೀಳುತ್ತದೆ. ನನಗೆ ಬೇಕಾದದ್ದು ಅಷ್ಟೇ. ಡಿಸೆಂಬರಿನಲ್ಲಿ ಧೈರ್ಯ ಮಾಡಿ ಕೇಳಿದೆ.

“ಬಾದೇನ್, ಬದ್ಮಾ, ಬಾದೇನ್,” ಎಂದರು ಅಬು ನಾಸರ್. ಆಮೇಲೆ ನೋಡುವ ಎಂದು. “ಮೊದಲು ಹಿಮಕ್ಕೆ ಹೋಗಿ ಬರುವ. ಈ ಸಲ ನೀನೂ ಬಾ. ಅಲ್ಲಿನ ಡ್ರೈವರುಗಳನ್ನು ನಾನು ನಂಬುವುದಿಲ್ಲ.”

ಲಿಗೋರಿಗೆ ಹೇಳಿದಾಗ ಅವರು ಕೈಯ ಎಣ್ಣೆ ಒರೆಸುತ್ತಾ ನಕ್ಕರು. “ಎಂತ ಪದ್ಮಣ್ಣ, ಐಸಿನಲ್ಲಿ ಜಾರಲಿಕ್ಕೆ ಹೋಗ್ತೀರಂತೆ? ಇಲ್ಲಿ ಆಯಿಲಿನಲ್ಲಿ ಜಾರಿ ಬಿದ್ದದ್ದು ಸಾಕಾಗ್ಲಿಲ್ವಾ?”

“ಬಂದ ಮೇಲೆ ಸಹಿ ಹಾಕ್ತಾರೆ ಪೊರ್ಬುಗಳೇ.”

“ಹಾಗೆ ಅಂದ್ರಾ?”

“ಬಾದೇನ್ ಅಂದ್ರು.”

“ಓ, ಬಾದೇನ್,” ಎಂದು ಲಿಗೋರಿ ಮತ್ತೆ ಕಾರಿನ ಅಡಿಗೆ ಹೋದರು.

ಮೊದಲ ದಿನ: ಚೈನು

ದೇಶ ಆಸ್ಟ್ರಿಯಾ. ಬೆಟ್ಟದ ಆ ಊರಿನ ಹೆಸರು ನನ್ನ ಬಾಯಿಗೆ ಇವತ್ತಿಗೂ ಬರುವುದಿಲ್ಲ. ನಾವು ಐದು ಮಂದಿ: ಅಬು ನಾಸರ್, ಅವರ ಹೆಂಡತಿ ಉಮ್ಮ್ ನಾಸರ್, ಇಪ್ಪತ್ತು ವರ್ಷದ ಮಗ ನಾಸರ್, ಆರು ವರ್ಷದ ಮಗಳು ದಾನಾ, ಮತ್ತೆ ನಾನು. ಪೆಟ್ಟಿಗೆಗಳು ಹದಿನೇಳು. ಅದರಲ್ಲಿ ಒಂದರ ತುಂಬ ಅಕ್ಕಿ, ಅಲ್ಲಿ ಅಕ್ಕಿ ಸಿಗುವುದಿಲ್ಲವೆಂದು ಉಮ್ಮ್ ನಾಸರ್ ಅವರಿಗೆ ಯಾರೋ ಹೇಳಿದ್ದರು. ಅಂಗಡಿಯಲ್ಲಿ ನಾಲ್ಕು ಬಗೆಯ ಅಕ್ಕಿ ಇತ್ತು.

ವಿಮಾನ ಇಳಿದು ಬಾಡಿಗೆ ವ್ಯಾನು ತೆಗೆದುಕೊಂಡೆವು. ಮುಕ್ಕಾಲು ದಾರಿ ಹೋದ ಮೇಲೆ ರಸ್ತೆಯೇ ಬೆಳ್ಳಗಾಯಿತು. ಒಬ್ಬ ಪೊಲೀಸಿನವನು ತಡೆದು ಚಕ್ರ ತೋರಿಸಿ ಏನೋ ಹೇಳಿದ. ಹಿಂದಿನ ಡಿಕ್ಕಿಯಲ್ಲಿ ಒಂದು ಚೀಲ ಇತ್ತು, ಒಳಗೆ ಕಬ್ಬಿಣದ ಚೈನು. ಟಯರಿಗೆ ಚೈನು ಕಟ್ಟುವುದನ್ನು ನಾನು ಅದುವರೆಗೆ ಕಂಡವನಲ್ಲ. ಕೈಯಲ್ಲಿ ಹಿಡಿದು ಎರಡು ಸಲ ತಿರುಗಿಸಿದೆ, ಯಾವ ಕೊಂಡಿ ಎಲ್ಲಿಗೆ ಎಂದು ಗೊತ್ತಾಯಿತು. ಪಕ್ಕದಲ್ಲಿ ಇನ್ನೊಂದು ಕಾರಿನ ಯಜಮಾನ, ಅದೇ ದೇಶದವನು, ತನ್ನ ಚೈನಿನ ಜೊತೆ ಒದ್ದಾಡುತ್ತಿದ್ದ. ಅವನದನ್ನೂ ಕಟ್ಟಿ ಕೊಟ್ಟೆ. ಅವನು ಗ್ಲೌಸು ಕಳಚಿ ನನ್ನ ಕೈ ಕುಲುಕಿದ. ಗ್ಲೌಸು ಕಳಚಿದ್ದು ನನಗೆ ಈಗಲೂ ನೆನಪಿದೆ, ಯಾಕೆಂದರೆ ಆ ಚಳಿಯಲ್ಲಿ ಕಳಚಬೇಕಾದ ಅಗತ್ಯ ಇರಲಿಲ್ಲ.

ವ್ಯಾನಿನ ಒಳಗಿಂದ ನಾಸರ್ ಕೂಗಿದ: “ಯಲ್ಲಾ ಬದ್ಮಾ, ತಂಡಿ ಬರ್ತದೆ, ಬಾಗಿಲು ಹಾಕು!”

ಎರಡನೇ ದಿನ: ಮೀನಿಲ್ಲದ ಐಸು

ನಮ್ಮ ಕಡೆ ಐಸು ಎಂದರೆ ಮೀನಿನ ಐಸು. ಮಲ್ಪೆಯ ಬಂದರಿನಲ್ಲಿ ಐಸು ಪ್ಲಾಂಟಿನಿಂದ ಬಂದ ಹಾಸುಗಲ್ಲಿನಂಥ ತುಂಡುಗಳನ್ನು ಪುಡಿಮಾಡಿ ಬುಟ್ಟಿಗೆ ಸುರಿಯುತ್ತಾರಲ್ಲ, ಅದು. ಬೆಳಿಗ್ಗೆ ಕಿಟಕಿ ತೆರೆದಾಗ ಕಣ್ಣಿಗೆ ಕಂಡದ್ದು ಊರೆಲ್ಲ ಆ ಪುಡಿ. ಮೂಗು ತಾನಾಗಿಯೇ ಬಂಗುಡೆಯ ವಾಸನೆ ಹುಡುಕಿತು. ಏನೂ ಇಲ್ಲ. ಅಷ್ಟು ಐಸು ಇದ್ದೂ ಒಂದು ಮೀನು ಇಲ್ಲದ ಊರು.

ನಾವಿದ್ದ ಹೋಟೆಲನ್ನು ನಡೆಸುವವಳು ಅರುವತ್ತರ ಒಬ್ಬ ಹೆಂಗಸು. ಬಾಗಿಲಲ್ಲೇ ಎಲ್ಲರ ಶೂ ಕಳಚಿಸುತ್ತಿದ್ದಳು, ಅದು ನನಗೆ ಹಿಡಿಸಿತು. ಬೆಳಿಗ್ಗೆ ತಿಂಡಿಗೆ ನಾನು ಗೋಡೆಯ ಪಕ್ಕ ನಿಂತಿದ್ದೆ, ಕುವೈತಿನಲ್ಲಿ ನಿಂತ ಹಾಗೆ. ಅವಳು ಬಂದು ತೋಳು ಹಿಡಿದು ಅಬು ನಾಸರ್ ಅವರ ಎದುರಿನ ಕುರ್ಚಿಯಲ್ಲಿ ಕೂರಿಸಿದಳು. ಉಮ್ಮ್ ನಾಸರ್ ಚಮಚ ಕೆಳಗಿಟ್ಟರು. ಅಬು ನಾಸರ್ ಕಿಟಕಿ ನೋಡಿದರು. ಮರುದಿನದಿಂದ ನಾನು ಎಲ್ಲರಿಗಿಂತ ಮೊದಲೇ ಅಡುಗೆಮನೆಯಲ್ಲಿ ತಿಂದು ಮುಗಿಸುತ್ತಿದ್ದೆ.

ಆ ಹೆಂಗಸು ರಿಜಿಸ್ಟರಿನಲ್ಲಿ ನನ್ನ ಹೆಸರು ಓದಿದಳು. “ಪದ್ಮನಾಬಾ,” ಎಂದಳು. ‘ಭ’ ಬರಲಿಲ್ಲ. ಆದರೆ ಒಂಬತ್ತು ವರ್ಷದಲ್ಲಿ ನಮ್ಮವರಲ್ಲದವರ ಬಾಯಲ್ಲಿ ಮೊದಲ ಸಲ ‘ಪ’ ಕೇಳಿದೆ. ಇನ್ನೊಮ್ಮೆ ಹೇಳಿ ಎಂದು ಕೇಳಬೇಕೆನಿಸಿತು. ಭಾಷೆ ಎಲ್ಲಿಂದ ತರುವುದು?

ಮೂರನೇ ದಿನ: ನೇಗಿಲು

ದಾನಾಳನ್ನು ಹಿಮದಲ್ಲಿ ಕೈಹಿಡಿದು ನಡೆಸಲು ಒಬ್ಬ ಬೇಕಲ್ಲ, ಅದಕ್ಕಾಗಿ ನನಗೂ ಬೂಟು ಮತ್ತು ಸ್ಕೀ ಬಾಡಿಗೆಗೆ ತೆಗೆದರು. ಆ ಬೂಟು ಹಾಕಿದರೆ ಕಾಲಿಗೆ ಸಿಮೆಂಟು ಸುರಿದ ಹಾಗೆ. ಅದಕ್ಕೆ ಎರಡು ಉದ್ದದ ಹಲಗೆ ಕಚ್ಚಿಸಬೇಕು. ಹಿಮ್ಮಡಿಯ ಸ್ಪ್ರಿಂಗು ಮಾತ್ರ ಒಳ್ಳೆಯ ಕೆಲಸ, ಬಿದ್ದರೆ ತಾನೇ ಬಿಟ್ಟುಕೊಡುತ್ತದೆ, ಕಾಲು ಉಳಿಯುತ್ತದೆ. ಮಾಡಿದವನಿಗೆ ಬುದ್ಧಿ ಇತ್ತು.

ಮಕ್ಕಳಿಗೆ ಕಲಿಸುವ ಒಬ್ಬಳು ಹುಡುಗಿ ಇದ್ದಳು. ಹಲಗೆಯ ಮುಂದಿನ ತುದಿಗಳನ್ನು ಹತ್ತಿರ ತಂದು ಹಿಂದೆ ಅಗಲ ಮಾಡಬೇಕು, ಆಗ ವೇಗ ನಿಲ್ಲುತ್ತದೆ. ಅವಳು ‘ಫ್ಲೂಗ್, ಫ್ಲೂಗ್’ ಎನ್ನುತ್ತಿದ್ದಳು. ನನಗೆ ತಿಳಿಯಲಿಲ್ಲ. ಆಗ ಅವಳು ಎರಡು ಕೈಯಲ್ಲಿ ಏನೋ ಹಿಡಿದು ಮುಂದೆ ಒತ್ತುವ ಹಾಗೆ ಮಾಡಿ, ಬಾಯಲ್ಲಿ ದನದ ಹಾಗೆ ಕೂಗಿ ತೋರಿಸಿದಳು. ನೇಗಿಲು! ಆರು ವರ್ಷದ ಮಕ್ಕಳಿಗೆ ಅದು ಅರ್ಥವಾಗಲಿಲ್ಲ, ನನಗಾಯಿತು. ಸಂಜೆಯೊಳಗೆ ಮಕ್ಕಳ ಇಳಿಜಾರಿನಲ್ಲಿ ಬೀಳದೆ ನಿಲ್ಲುವಷ್ಟು ಕಲಿತೆ.

ಅಲ್ಲಿಂದ ಮೇಲೆ ಹೋಗಲು ಕಬ್ಬಿಣದ ಹಗ್ಗಕ್ಕೆ ನೇತುಹಾಕಿದ ಕುರ್ಚಿಗಳಿವೆ, ತಿರುಗುತ್ತಲೇ ಇರುತ್ತವೆ. ಕೆಳಗಿನ ದೊಡ್ಡ ಚಕ್ರದ ಹತ್ತಿರ ಒಂದು ಶಬ್ದ ಬರುತ್ತಿತ್ತು. ನಾನು ಐದು ನಿಮಿಷ ನಿಂತು ಕೇಳಿದೆ. ಬೇರಿಂಗು. ಅದನ್ನು ನಡೆಸುವ ಮುದುಕನಿಗೆ ಕೈಸನ್ನೆಯಲ್ಲಿ ತೋರಿಸಿದೆ. ಅವನು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ, ಒಂದು ಕಬ್ಬಿಣದ ಸಲಾಕೆಯ ತುದಿಯನ್ನು ಚಕ್ರದ ಬುಡಕ್ಕೂ ಇನ್ನೊಂದು ತುದಿಯನ್ನು ಕಿವಿಗೂ ಇಟ್ಟು ಕೇಳಿದ. ನಾವು ಗ್ಯಾರೇಜಿನಲ್ಲಿ ಹಾಗೆಯೇ ಮಾಡುವುದು. ಆಮೇಲೆ ಟೋಪಿ ಸ್ವಲ್ಪ ಎತ್ತಿದ. ಮರುದಿನ ಶಬ್ದ ಇರಲಿಲ್ಲ.

ಇದನ್ನು ಅಬು ನಾಸರ್ ಅವರಿಗೆ ಹೇಳಿದೆ. “ಝೇನ್, ಝೇನ್,” ಎಂದರು. ಒಳ್ಳೆಯದು ಎಂದು. ಚಾ ತರಲು ಹೇಳಿದರು.

ನಾಲ್ಕನೇ ದಿನ, ಸಂಜೆ

ಅಲ್ಲಿ ಐದು ಗಂಟೆಗೇ ಕತ್ತಲು. ವಾರದಲ್ಲಿ ಎರಡು ದಿನ ಇಳಿಜಾರಿನ ಉದ್ದಕ್ಕೂ ಕಂಬ ಕಂಬಕ್ಕೆ ದೀಪ ಹಾಕಿ ಎಂಟು ಗಂಟೆಯ ತನಕ ಸ್ಕೀ ಬಿಡುತ್ತಾರೆ. ನಮ್ಮ ಊರಿನಲ್ಲಿ ಹೊನಲು ಬೆಳಕಿನ ಕಬಡ್ಡಿ ಇಡುತ್ತಾರಲ್ಲ, ಅದೇ ಬೆಳಕು. ಆದರೆ ಕಬಡ್ಡಿಗೆ ಬರುವ ಗಲಾಟೆ ಇಲ್ಲ, ಮೈಕಿನವನ ಅಬ್ಬರ ಇಲ್ಲ. ಅಷ್ಟು ಜನ ಇಳಿಯುತ್ತಿದ್ದರೂ ಕೇಳುವುದು ಬಟ್ಟೆ ಹರಿದ ಹಾಗೆ ಸರ್ ಸರ್ ಶಬ್ದ ಮಾತ್ರ.

ಅದೇ ಊರಿನಲ್ಲಿ ಇನ್ನೂ ಮೂವರು ಕುವೈತಿಗಳಿದ್ದರು, ಅಬು ನಾಸರ್ ಅವರ ಗುರುತಿನವರು. ಗಂಡಸರೆಲ್ಲ ಮೇಲೆ ಹೋಗುವುದೆಂದು ಆಯಿತು. ಮೇಲೆ ಖಾವಾ ಕುಡಿಯಬೇಕು ಎಂದರು, ಏಲಕ್ಕಿ ಹಾಕಿದ ಅವರ ಕಾಫಿ. ಹಾಗಾಗಿ ನನ್ನ ಬೆನ್ನಿಗೆ ಫ್ಲಾಸ್ಕಿನ ಚೀಲ. ಕುರ್ಚಿಗೆ ಹತ್ತಲು ಕಾಲಲ್ಲಿ ಸ್ಕೀ ಇರಲೇಬೇಕೆಂದು ಅಲ್ಲಿನ ಕಾಯಿದೆ, ಅದನ್ನೂ ಕಚ್ಚಿಸಿಕೊಂಡೆ. ಬರುವಾಗ ಅದೇ ಕುರ್ಚಿಯಲ್ಲಿ ಕೂತು ಇಳಿಯುವುದೆಂದು ನನ್ನ ಲೆಕ್ಕ. ಕಿವಿಗೆ ಚಳಿ ತಡೆಯಲಾಗದೆ ಮಂಡೆಯ ಸುತ್ತ ಉಣ್ಣೆಯ ಮಫ್ಲರ್ ಎರಡು ಸುತ್ತು ಬಿಗಿದು, ಅದರ ಮೇಲೊಂದು ಟೋಪಿ ಹಾಕಿದ್ದೆ.

ಮೇಲೆ ಗಾಳಿ. ಖಾವಾ ಬಡಿಸಿದೆ. ಅವರವರೊಳಗೆ ನಗೆ, ತಮಾಷೆ. ಅಬು ನಾಸರ್ ಅಷ್ಟು ಖುಷಿಯಾಗಿದ್ದದ್ದನ್ನು ನಾನು ಕಂಡದ್ದು ಕಡಿಮೆ. ಅವರು ನನ್ನ ಹತ್ತಿರ ಬಂದು ಹೆಗಲಿಗೆ ಕೈ ಹಾಕಿದರು, ಒಂಬತ್ತು ವರ್ಷದಲ್ಲಿ ಅದು ಮೊದಲನೆಯ ಸಲ. ಮುಖದ ಹತ್ತಿರ ಬಗ್ಗಿ ಕೇಳಿದರು:

“ಬದ್ಮಾ, ತನಾಜುಲ್?”

ಬಾದೇನ್ ಎಂದವರು ತಾವಾಗಿಯೇ ಕೇಳುತ್ತಿದ್ದಾರೆ. “ಈ ಬಾಬಾ, ಈ!” ಎಂದೆ. ಹೌದು, ಹೌದು ಎಂದು. “ದೇವರು ನಿಮಗೆ ಒಳ್ಳೆಯದು ಮಾಡಲಿ ಬಾಬಾ. ನಿಮ್ಮ ಮಕ್ಕಳಿಗೆ ಒಳ್ಳೆಯದಾಗಲಿ.” ಕಣ್ಣಲ್ಲಿ ನೀರು ಬಂತು, ಅದು ಚಳಿಗೆ ಎಂದು ಅವರು ತಿಳಿದಿರಬೇಕು.

ಉಳಿದವರು ಹೋ ಎಂದು ನಕ್ಕರು. ಅಬು ನಾಸರ್ ಸ್ವಲ್ಪ ಆಶ್ಚರ್ಯದಿಂದ ನನ್ನನ್ನು ನೋಡಿ, ತಾವೂ ನಕ್ಕು, ಕೈಯಲ್ಲಿದ್ದ ಸ್ಕೀ ಕೋಲಿನಿಂದ ಕೆಳಗೆ ತೋರಿಸಿದರು. “ಹಾಗಾದರೆ ಯಲ್ಲಾ, ನಡಿ!”

ನನಗೆ ಅರ್ಥವಾದದ್ದು ಇಷ್ಟು: ಇಳಿದು ತೋರಿಸು, ಕಾಗದ ಕೊಡುತ್ತೇನೆ. ದೊಡ್ಡ ಮನುಷ್ಯರು ಖುಷಿಯಲ್ಲಿ ಇಂಥ ಪಂಥ ಕಟ್ಟುತ್ತಾರೆ. ಕಟ್ಟಲಿ. ಅವರೆಲ್ಲ ಒಬ್ಬರ ಹಿಂದೆ ಒಬ್ಬರು ಜಾರಿ ಹೋದರು. ಕುರ್ಚಿ ನನ್ನ ಪಕ್ಕದಲ್ಲೇ ತಿರುಗುತ್ತಿತ್ತು. ನಾನು ಅದಕ್ಕೆ ಬೆನ್ನು ಹಾಕಿದೆ.

ಕೆಳಗೆ ನೋಡಿದರೆ ಊರಿನ ದೀಪಗಳು ಬಾವಿಯೊಳಗೆ ಬಿದ್ದ ಹಾಗೆ ಕಾಣುತ್ತಿದ್ದವು. ನಾನು ನೇಗಿಲು ಹಿಡಿದೆ. ಮೊದಲ ಕಂಬದ ತನಕ ಬೀಳಲಿಲ್ಲ. ಎರಡನೇ ಕಂಬದ ಹತ್ತಿರ ಬಿದ್ದೆ, ಫ್ಲಾಸ್ಕಿನ ಒಳಗಿನ ಗಾಜು ಬೆನ್ನಲ್ಲೇ ಒಡೆದ ಶಬ್ದ ಕೇಳಿತು, ಬಿಸಿ ಖಾವಾ ಸೊಂಟದ ತನಕ ಇಳಿಯಿತು. ಹತ್ತು ನಿಮಿಷದಲ್ಲಿ ಅದೂ ಮಂಜುಗಡ್ಡೆ. ಆಮೇಲೆ ಬಿದ್ದದ್ದಕ್ಕೆ ಲೆಕ್ಕ ಇಡಲಿಲ್ಲ. ಒಂದು ಹಲಗೆ ಕಳಚಿ ನನಗಿಂತ ಮೊದಲೇ ಹೊರಟಿತು, ಅದರ ಹಿಂದೆ ಕೂತುಕೊಂಡು ಜಾರಿ, ಹಿಡಿದು ಮತ್ತೆ ಕಚ್ಚಿಸಿದೆ. ಒಬ್ಬ ಹೆಂಗಸು, ನನ್ನ ತಾಯಿಯ ಪ್ರಾಯದವಳು, ನಿಂತು ನನ್ನ ಕೋಲು ಹೆಕ್ಕಿ ಕೊಟ್ಟು ಏನೋ ಕೇಳಿದಳು. ನಾನು ಮಂಡೆ ಅಲ್ಲಾಡಿಸಿದೆ. ಅವಳು ನನ್ನ ಮುಖದಲ್ಲಿ ಏನು ಕಂಡಳೋ, ಮತ್ತೆ ಕೇಳದೆ ಹೋದಳು.

ನನಗೆ ಹೆದರಿಕೆ ಇರಲಿಲ್ಲ, ನಿಜವಾಗಿ ಹೇಳುತ್ತೇನೆ. ಪ್ರತಿ ಕಂಬದ ಹತ್ತಿರವೂ ಮನಸ್ಸಿನಲ್ಲಿ ಶುವೈಖಿನ ಗ್ಯಾರೇಜಿನ ಒಂದೊಂದು ಮೂಲೆ ನೋಡುತ್ತಿದ್ದೆ. ಇಲ್ಲಿ ನನ್ನ ಟೂಲ್ ಬಾಕ್ಸು, ಇಲ್ಲಿ ಡೀಸೆಲ್ ಪಂಪಿನ ಮೇಜು, ಇಲ್ಲಿ ನಾನು. ಒಟ್ಟು ಒಂದು ಗಂಟೆ ಹಿಡಿಯಿತು. ಕೊನೆಯ ತುಂಡು ಇಳಿಯುವಾಗ ಮೇಲಿನ ದೀಪಗಳನ್ನು ಆರಿಸತೊಡಗಿದ್ದರು. ಕುರ್ಚಿಯ ಮುದುಕ ಬೀಗ ಹಾಕದೆ ಹೊರಗೆ ನಿಂತಿದ್ದ. ನಾನು ನಿಂತ ಕಾಲಲ್ಲೇ ಅವನ ಎದುರು ಬಂದು ನಿಂತೆ. ಕೂತು ಬಂದದ್ದಲ್ಲ, ಕೊನೆಗೆ ನಿಂತೇ ಬಂದೆ.

ಅದೇ ಸಂಜೆ, ಕೆಳಗಿನ ಹೋಟೆಲು

ಅವರು ಬೆಂಕಿಯ ಹತ್ತಿರ ಊಟಕ್ಕೆ ಕೂತಿದ್ದರು. ನಾನು ಹಿಮ ಸುರಿಸುತ್ತಾ ಮೇಜಿನ ಬುಡಕ್ಕೆ ಹೋದೆ.

“ಬಾಬಾ, ಇಳಿದು ಬಂದೆ.”

“ಮಾಷಾ ಅಲ್ಲಾ!” ಎಂದರು ಅಬು ನಾಸರ್. “ನಾಳೆ ಹುಡುಕಿಸಬೇಕಾಗ್ತದೋ ಅಂತ ಇದ್ದೆವು.”

“ಯಾವಾಗ ಸಹಿ ಹಾಕ್ತೀರಿ ಬಾಬಾ?”

“ಯಾವುದಕ್ಕೆ?”

“ತನಾಜುಲಿಗೆ. ಮೇಲೆ ನೀವೇ ಕೇಳಿದ್ದಲ್ಲವಾ?”

ಅವರು ಮಗನ ಮುಖ ನೋಡಿದರು. ನಾಸರ್ ಮೇಜಿಗೆ ಬಡಿದ. “ಅಪ್ಪಾ! ನೀವು ಕೇಳಿದ್ದು ತನ್ಜಿಲ್ ಅಂತ! ಇವನು ತನಾಜುಲ್ ಅಂತ ಕೇಳಿಸಿಕೊಂಡಿದ್ದಾನೆ!”

ಅರಬಿಯಲ್ಲಿ ತನ್ಜಿಲ್ ಎಂದರೆ ‘ನೀನು ಇಳೀತೀಯಾ?’ ಅಷ್ಟೇ. ಸ್ಕೀಯಲ್ಲಿ ಇಳೀತೀಯಾ, ಅಲ್ಲ ಕುರ್ಚಿಯಲ್ಲಾ ಎಂದು ತಮಾಷೆಗೆ ಕೇಳಿದ್ದು. ಗಾಳಿ, ಎರಡು ಸುತ್ತು ಮಫ್ಲರು, ಮತ್ತೆ ತಿಂಗಳಿಂದ ಅದೊಂದೇ ಮಾತು ಕಾಯುತ್ತಿದ್ದ ನನ್ನ ಕಿವಿ. ಮೂರೂ ಸೇರಿದವು.

ಅವರು ನಕ್ಕ ನಗೆಯನ್ನು ನಾನು ಹೇಗೆ ಬರೆಯಲಿ? ಒಬ್ಬರು ಕುರ್ಚಿಯಿಂದ ಜಾರಿ ಕೆಳಗೆ ಕೂತರು. ನಾಸರ್ ಎದ್ದು ನನ್ನ ಹಾಗೆ ಮೊಣಕಾಲು ಬಗ್ಗಿಸಿ, ಕೈ ಚಾಚಿ, “ತನಾಜುಲ್, ತನಾಜುಲ್” ಎಂದು ಕೂಗುತ್ತಾ ಮೇಜಿನ ಸುತ್ತ ಒಂದು ಸುತ್ತು ಬಂದ. ಪಕ್ಕದ ಮೇಜಿನ ಬಿಳಿಯರೂ ಏನೆಂದು ತಿಳಿಯದೆ ನಕ್ಕರು. ಅಬು ನಾಸರ್ ಕಣ್ಣು ಒರೆಸಿಕೊಂಡು ನನಗೆ ಸೂಪು ತರಿಸಿದರು. ಅವರು ಕೆಟ್ಟವರಲ್ಲ, ಅದನ್ನೂ ಬರೆಯಬೇಕು. ನನ್ನ ಬೆನ್ನು ತಟ್ಟಿ ಹೇಳಿದರು:

“ಬದ್ಮಾ, ನೀನು ಚಿನ್ನದಂಥವನು. ನಿನ್ನನ್ನು ಬಿಟ್ಟರೆ ನನಗೆ ಇಂಥವನು ಎಲ್ಲಿ ಸಿಗಬೇಕು?”

ಅದು ಹೊಗಳಿಕೆ ಎಂದು ಅವರು ತಿಳಿದದ್ದು. ನನಗೆ ಅದು ಉತ್ತರ ಎಂದು ತಿಳಿಯಿತು. ಸೂಪು ಕುಡಿದೆ.

ಮತ್ತೆ ಸಲ್ವಾ

ಕುವೈತಿನ ಪ್ರತಿ ಮನೆಯಲ್ಲೂ ಗಂಡಸರು ಸಂಜೆ ಕೂತು ಮಾತಾಡುವ ಒಂದು ಚಾವಡಿ ಇರುತ್ತದೆ, ದಿವಾನಿಯಾ ಎನ್ನುತ್ತಾರೆ. ನಾವು ಬಂದ ಮೊದಲ ವಾರವೇ ಅಲ್ಲಿ ಈ ಕಥೆ ಬಂತು. ಎರಡನೇ ವಾರ ಹೊಸಬರಿಗೆ ಮತ್ತೆ ಹೇಳಿದರು. ಮೂರನೇ ವಾರ ನನ್ನನ್ನೇ ಒಳಗೆ ಕರೆದು, ಹೇಗೆ ಬಿದ್ದೆ ತೋರಿಸು ಎಂದರು. ತೋರಿಸಲಿಲ್ಲ. ಗೇಟಿನಲ್ಲಿ ಕಾರು ಅಡ್ಡ ನಿಂತಿದೆ ಎಂದು ಹೇಳಿ ಹೊರಗೆ ಬಂದೆ. ಬಲ್ಬು ಹಾಕಲು ಏಣಿ ಹತ್ತಿದರೆ ಕೆಳಗಿಂದ “ಬದ್ಮಾ, ತನ್ಜಿಲ್?” ನೆರೆಮನೆಯ ಅಡುಗೆಯವನೂ ಕಲಿತ. ಆರು ವರ್ಷದ ದಾನಾಳೂ ಕಲಿತಳು.

ಮೇ ತಿಂಗಳಲ್ಲಿ ಮತ್ತೆ ಕೇಳಲೇಬೇಕೆಂದು ಹೊರಟೆ. ಗ್ಯಾರೇಜಿನವನು ಇನ್ನೂ ಜಾಗ ಖಾಲಿ ಇಟ್ಟಿದ್ದ. ಸ್ನಾನ ಮಾಡಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಅಬು ನಾಸರ್ ಒಬ್ಬರೇ ಇದ್ದಾಗ ಹೋದೆ. “ಬಾಬಾ, ನನ್ನ ತನಾಜುಲ್,” ಎಂದೆ, ಮುಂದಿನ ಮಾತು ಹೇಳುವ ಮೊದಲೇ ಅವರಿಗೆ ನಗೆ ಬಂತು. ಅವರು ತಡೆಯಲು ನೋಡಿದರು, ತುಟಿ ಕಚ್ಚಿದರು, ಆಗಲಿಲ್ಲ. ಆ ಮಾತು ಕೇಳಿದರೆ ಅವರಿಗೆ ಕಾಣುವುದು ಹಿಮದಲ್ಲಿ ಉರುಳುವ ಬದ್ಮಾ. ಅವರು ನಕ್ಕದ್ದು ನೋಡಿ ನಾನೂ ನಕ್ಕೆ. ಯಾಕೆ ನಕ್ಕೆನೋ! ಮಂಡೆಗೆ ಸುತ್ತಿಗೆಯಲ್ಲಿ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ ಈಗ. ಇಬ್ಬರೂ ನಕ್ಕ ಮೇಲೆ ಕೇಳುವುದಕ್ಕೆ ಏನು ಉಳಿಯಿತು?

“ಆ ಮಾತೇ ಬೇಡ,” ಎಂದರು ಲಿಗೋರಿ. “ಇಂಗ್ಲಿಷಿನಲ್ಲಿ ಕೇಳಿ. ರಿಲೀಸ್ ಅನ್ನಿ. ಅದಕ್ಕೆ ನಗೆ ಬರಲಿಕ್ಕಿಲ್ಲ.” ಒಂದು ಚೀಟಿಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟರು: ಸರ್, ಐ ರಿಕ್ವೆಸ್ಟ್ ಮೈ ರಿಲೀಸ್. ನಾನು ದಿನಾ ಕಾರು ತೊಳೆಯುವಾಗ ಬಾಯಿಪಾಠ ಮಾಡಿದೆ. ಜುಲೈಯಲ್ಲಿ ಮನೆಯವರೆಲ್ಲ ಸೆಕೆಗೆ ಹೆದರಿ ಯುರೋಪಿಗೆ ಹೋದರು. ಸೆಪ್ಟೆಂಬರಿನಲ್ಲಿ ಬಂದಾಗ ಹೇಳುವುದೆಂದು ಇದ್ದೆ. ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು.

ಪಾಸ್‌ಪೋರ್ಟ್ ವಾಡಿಕೆಯಂತೆ ಕಫೀಲನ, ಅಂದರೆ ಅಬು ನಾಸರ್ ಅವರ, ಕಪಾಟಿನಲ್ಲಿತ್ತು. ಬೀಗ ತೆಗೆಯಲು ನನಗೆ ಎರಡು ನಿಮಿಷ. ನನ್ನದನ್ನು ಮಾತ್ರ ತೆಗೆದುಕೊಂಡು ಮತ್ತೆ ಬೀಗ ಹಾಕಿದೆ. ಬಸ್ರಾ, ಬಾಗ್ದಾದ್, ಅಮ್ಮಾನ್, ಬೊಂಬಾಯಿ. ಆ ದಾರಿಯ ಕಥೆಯನ್ನು ಎಲ್ಲರೂ ಹೇಳಿದ್ದಾರೆ. ನಾನು ಬಿಡುತ್ತೇನೆ.

ಶುವೈಖ್, ಈ ವರ್ಷ

ಯುದ್ಧ ಮುಗಿದ ಮೇಲೆ ಅಬು ನಾಸರ್ ಅವರ ತಂತಿ ಬಂತು, ಹಿಂದಿನಿಂದ ವೀಸಾ. ಅದೇ ಮನೆ ಡ್ರೈವರ್. ಹೋಗುವುದು ಬೇಡ ಎಂದರು ಮನೆಯಲ್ಲಿ. ನಾನು ಬಂದದ್ದು ಒಂದೇ ಕಾರಣಕ್ಕೆ. ಹೊಸ ಕಫೀಲ್ ಸಿಗಬೇಕಾದರೂ ಹಳೆಯ ಕಫೀಲನ ಬಾಗಿಲಿಂದಲೇ ಹೋಗಬೇಕು.

ಜುಲೈಯಲ್ಲಿ ಇಳಿದಾಗ ಎಣ್ಣೆ ಬಾವಿಗಳು ಉರಿಯುತ್ತಿದ್ದವು. ಮಧ್ಯಾಹ್ನ ಹನ್ನೆರಡಕ್ಕೆ ಹೆಡ್‌ಲೈಟು ಹಾಕಿ ಕಾರು ಓಡಿಸಿದೆ. ಮನೆಯಲ್ಲಿ ಜಮಖಾನ ಇಲ್ಲ, ಪಂಖಗಳಿಲ್ಲ, ಮೂರು ಕಾರೂ ಇಲ್ಲ, ಎಲ್ಲ ಇರಾಕಿನ ಸೈನ್ಯ ಕೊಂಡುಹೋಗಿತ್ತು; ನಾನು ಓಡಿಸಿದ್ದು ಆಮೇಲೆ ತೆಗೆದ ಒಂದು ಕಾರು. ದಿವಾನಿಯಾದಲ್ಲಿ ಅಬು ನಾಸರ್ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಒಂದು ವರ್ಷದಲ್ಲಿ ಹತ್ತು ವರ್ಷ ಮುದುಕರಾಗಿದ್ದರು. ಪಾಸ್‌ಪೋರ್ಟ್ ನಾನು ಕೊಡಲಿಲ್ಲ, ಅವರೂ ಕೇಳಲಿಲ್ಲ. ಮೂರನೇ ದಿನ ಎದುರಿಗೆ ನಿಂತು ಇಂಗ್ಲಿಷಿನ ಆ ವಾಕ್ಯ ಹೇಳಿದೆ.

“ಎಂತದು?” ಎಂದರು. ಆಮೇಲೆ, “ಓ. ತನಾಜುಲಾ?”

ಅವರೇ ಹೇಳಿದರು ಆ ಮಾತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ನಗಲಿಲ್ಲ. ಕಾಗದ ತರಲು ಹೇಳಿ, ಓದದೆಯೇ ಸಹಿ ಹಾಕಿದರು. “ಹೋಗು ಬದ್ಮಾ. ಯಾರ ಹತ್ತಿರ ಏನು ಉಳಿದಿದೆ ಈಗ.”

ಕಾಗದ ಹಿಡಿದು ಶುವೈಖಿಗೆ ಓಡಿದೆ. ಗ್ಯಾರೇಜಿನ ಕಂಪ್ರೆಸರು, ಜಾಕುಗಳು, ಎಲ್ಲ ಲಾರಿಯಲ್ಲಿ ಇರಾಕಿಗೆ ಹೋಗಿದ್ದವು. ಆದರೆ ಹೊರಗೆ ಮುರಿದ ಕಾರುಗಳ ಸಾಲು ರಸ್ತೆಯ ತಿರುವಿನ ತನಕ ಇತ್ತು, ಲಿಗೋರಿ ನಾಲ್ಕು ದಿನ ಮೊದಲಷ್ಟೇ ಬಂದು ಅದರ ನಡುವೆ ನಿಂತಿದ್ದರು. “ಬಂದ್ರಾ ಪದ್ಮಣ್ಣ! ಅಂಗಿ ಬಿಚ್ಚಿ, ಶುರು ಮಾಡಿ!” ಯಜಮಾನನೂ ನನ್ನ ಕೈ ಹಿಡಿದುಕೊಂಡ. ಆ ದಿನವೇ ಮೂವರೂ ಇಕಾಮಾ ಬದಲಿಸುವ ಕಚೇರಿಗೆ ಹೋದೆವು.

ಕಿಟಕಿಯ ಆಚೆ ಕೂತವನು ಕಾಗದ ನೋಡಿದ, ಸಹಿ ನೋಡಿದ, ವಾಪಸು ತಳ್ಳಿದ. “ಮನೆ ವೀಸಾ ಗ್ಯಾರೇಜಿಗೆ ಆಗುವುದಿಲ್ಲ. ಬೇರೆ ಮನೆಗೆ ಬೇಕಾದರೆ ಆಗ್ತದೆ.”

“ಮೊದಲು ಆಗ್ತಿತ್ತಲ್ಲ?” ಎಂದ ಗ್ಯಾರೇಜಿನ ಯಜಮಾನ.

“ಯುದ್ಧಕ್ಕೆ ಮೊದಲು ಆಗ್ತಿತ್ತು. ಈಗ ಹೊಸ ಕಾಯಿದೆ. ಖಲಾಸ್. ಮುಂದಿನವರು ಬನ್ನಿ.”

ಹೊರಗೆ ಬಂದು ಮೆಟ್ಟಿಲಲ್ಲಿ ನಿಂತೆವು. ಲಿಗೋರಿ ಹೊಗೆಯ ಆಕಾಶ ನೋಡಿದರು. “ಹೋದ ವರ್ಷ ಮೇಯಲ್ಲಿ ಇದೇ ಕಾಗದ ಇದ್ದಿದ್ದರೆ ಪದ್ಮಣ್ಣ...”

“ಹೇಳಬೇಡಿ ಪೊರ್ಬುಗಳೇ.”

ನಾನು ಸಲ್ವಾಕ್ಕೆ ವಾಪಸು ಬಂದೆ, ಐದು ಗಂಟೆಗೆ ದಾನಾಳನ್ನು ಅವಳ ಅಜ್ಜಿಯ ಮನೆಗೆ ಬಿಡಬೇಕಿತ್ತು.

ಇದು ನವೆಂಬರ್, 1991. ನನಗೀಗ ಮೂವತ್ತೇಳು. ನನ್ನ ಹತ್ತಿರ ಇರುವುದು: ಪಾಸ್‌ಪೋರ್ಟ್ ಒಂದು, ನನ್ನದೇ ಪೆಟ್ಟಿಗೆಯಲ್ಲಿ. ಇಕಾಮಾ ಒಂದು, ಮನೆ ಡ್ರೈವರ್ ಎಂದು. ಓಡಿಸಲು ಒಂದು ಕಾರು, ಅದು ನನ್ನದಲ್ಲ. ರಿಂಗ್ ಸ್ಪ್ಯಾನರ್ ಹನ್ನೊಂದು, ಹದಿಮೂರು ನಂಬರಿನದ್ದು ಸಿಗಲಿಲ್ಲ. ಪ್ಯಾಂಟು ಮೂರು, ಅಂಗಿ ಐದು. ಸಹಿಯಾದ ತನಾಜುಲ್ ಒಂದು, ಅದರ ಜೆರಾಕ್ಸ್ ಎರಡು.